ಶಾಲಿನಿಯ ಇಂಧನ ಖಾತೆ

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರ ಓಣಿಗೆ ಬೆನ್ನು ಹಾಕಿ ನಿಂತಿರುವ ಶಾಲಿನಿಯ ಮನೆಯಲ್ಲಿ ಗ್ಯಾಸ್ ಸಿಲಿಂಡರು ಯಾವತ್ತೂ ಖಾಲಿ ಹೊತ್ತಿನಲ್ಲಿ ಖಾಲಿಯಾದದ್ದಿಲ್ಲ. ನೆಂಟರು ಬಂದು ಕೂತಿರಬೇಕು, ಎಲೆ ಹಾಸಿ ನೀರು ಚಿಮುಕಿಸಿರಬೇಕು, ಒಲೆಯ ಮೇಲೆ ಎಸರು ಕುದಿಯುತ್ತ ರಾಗಿಹಿಟ್ಟಿಗಾಗಿ ಬಾಯಿ ಬಿಟ್ಟುಕೊಂಡಿರಬೇಕು. ಆಗ ನೋಡಿ, ಆ ನೀಲಿ ಉರಿ ಒಮ್ಮೆ ಹಳದಿಯಾಗಿ, ಎರಡು ಸಲ ಬಿಕ್ಕಳಿಸಿ, ಅಂತರ್ಧಾನವಾಗುತ್ತಿತ್ತು.

ಆ ಭಾನುವಾರವೂ ಹಾಗೇ ಆಯಿತು. ಕನಕಪುರದಲ್ಲಿ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟಿದ್ದ ಅವಳ ತಮ್ಮ ಮಹೇಂದ್ರ ಹೊಸ ಹೆಂಡತಿಯನ್ನು ಕರೆದುಕೊಂಡು ಮೊದಲ ಸಲ ಅಕ್ಕನ ಮನೆಗೆ ಊಟಕ್ಕೆ ಬಂದಿದ್ದ. ಶಾಲಿನಿ ಸಿಲಿಂಡರನ್ನು ಅಲ್ಲಾಡಿಸಿದಳು, ಮಲಗಿಸಿದಳು, ಮಗ್ಗುಲು ಬದಲಿಸಿದಳು (ಹಸುಗೂಸಿಗೂ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ). ಅದು ಕಣ್ಣು ಬಿಡಲಿಲ್ಲ.

ಹಿತ್ತಿಲ ಬಾಗಿಲಲ್ಲಿ ಅವಳ ಅತ್ತೆ ಯಲ್ಲಮ್ಮ ಪ್ರತ್ಯಕ್ಷರಾದರು. ಈ ಗಳಿಗೆಗಾಗಿಯೇ ಅವರು ಬದುಕಿದ್ದಂತಿತ್ತು.

"ಏನವ್ವ, ನಿನ್ ಗ್ಯಾಸು ಮನಿಕ್ಕೊಂಡ್ತಾ?"

"ಈಗ ತಾನೇ ಮುಗೀತು ಅತ್ತೆ."

"ಇತ್ಲಾಗ್ ತತ್ತಾ ಪಾತ್ರೆಯ. ನನ್ ಒಲೆ ಮುಗಿಯಕಿಲ್ಲ."

ಯಲ್ಲಮ್ಮನವರ ತವರು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಅಲ್ಲಿಂದ ಅವರ ಅಣ್ಣ ಚೆಲುವಯ್ಯ ಆಗಾಗ ಒಂದು ಗಾಡಿ ಹಿಪ್ಪುನೇರಳೆ ಕಡ್ಡಿ ಕಳಿಸುತ್ತಿದ್ದರು. ರೇಷ್ಮೆಹುಳ ಸೊಪ್ಪು ತಿಂದು ಮಿಕ್ಕ ಕಡ್ಡಿ ಯಲ್ಲಮ್ಮನವರ ಪಾಲಿಗೆ ಸಾಕ್ಷಾತ್ ಶ್ರೀಗಂಧ. ಹಿತ್ತಿಲ ಬಚ್ಚಲೊಲೆ, ಅದರ ಮೇಲೆ ಕೂತ ತಾಮ್ರದ ಹಂಡೆ, ಪಕ್ಕದಲ್ಲಿ ಮೂರು ಕಲ್ಲಿನ ಒಂದು ಚಿಕ್ಕ ಒಲೆ. ಇದಿಷ್ಟು ಅವರ ಸಾಮ್ರಾಜ್ಯ. ಆವತ್ತಿನ ಮುದ್ದೆ ಅಲ್ಲೇ ಬೆಂದಿತು. ಬೆಂದದ್ದು ಮುದ್ದೆ ಮಾತ್ರವಲ್ಲ. ಊಟದುದ್ದಕ್ಕೂ ಯಲ್ಲಮ್ಮ, "ಒಲೆ ಇತ್ತು, ಮಾನ ಉಳೀತು ಕಣಪ್ಪ" ಎಂದು ಹೊಸ ಹೆಣ್ಣಿಗೂ ಅವಳ ಗಂಡನಿಗೂ ಸರದಿಯ ಮೇಲೆ ಹೇಳಿದರು. ಇದೂ ಹೋಗಲಿ ಎಂದರೆ, ಒಡಹುಟ್ಟಿದ ತಮ್ಮನೇ ಇನ್ನೊಂದು ಮುದ್ದೆ ಹಾಕಿಸಿಕೊಂಡು, "ಏನೇ ಹೇಳಕ್ಕ, ಸೌದೆ ಒಲೆ ಮುದ್ದೇ ಘಮಾನೇ ಬೇರೆ" ಅಂದುಬಿಟ್ಟ.

ಶಾಲಿನಿ ಆ ಕ್ಷಣದಲ್ಲೇ ನಿರ್ಧರಿಸಿದಳು. ಈ ಮನೆಯ ಇಂಧನ ಖಾತೆಯನ್ನು ಇನ್ನು ಮುಂದೆ ತಾನೇ ವಹಿಸಿಕೊಳ್ಳಬೇಕು.

ಅದಕ್ಕೆ ಬೇಕಾದ ಅರ್ಹತೆ ಅವಳಿಗಿತ್ತು. ಅವಳು ಬಿ.ಕಾಂ., ಅದೂ ಫಸ್ಟ್ ಕ್ಲಾಸು. ಮದುವೆಯಾದ ಮೇಲೆ ಆ ಪದವಿ ಬೀರುವಿನಲ್ಲಿ ಜರತಾರಿ ಸೀರೆಯ ಕೆಳಗೆ ಮಲಗಿತ್ತು. ಈಗ ಧೂಳು ಕೊಡವಿಕೊಂಡು ಎದ್ದಿತು. ಗಂಡ ಯೋಗಾನಂದ ದೊಡ್ಡಮಳೂರಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ಮೇಷ್ಟ್ರು. ಸಂಸತ್ತು, ರಾಜ್ಯಸಭೆ, ಸಂಪುಟ ಎಲ್ಲದರ ಬಗ್ಗೆಯೂ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡಬಲ್ಲ ಆತ, ಮನೆಯಲ್ಲಿ ಮಾತ್ರ ಎರಡೂ ಸದನಗಳ ನಡುವಿನ ಮೊಗಸಾಲೆಯಲ್ಲಿ ಪೇಪರು ಓದುತ್ತ ಕಾಲ ಕಳೆಯುತ್ತಿದ್ದ.

"ರೀ, ಮುಂದಿನ ಭಾನುವಾರ ಹಿತ್ತಿಲಲ್ಲಿ ಪರೀಕ್ಷೆ ಐತೆ. ನೀವು ಮೇಲ್ವಿಚಾರಕರು."

"ಯಾರ ಪರೀಕ್ಷೆ?" ಯೋಗಾನಂದ ಪೇಪರಿನಾಚೆಯಿಂದ ಇಣುಕಿದ.

"ಒಲೆಗಳದ್ದು."

ಭಾನುವಾರದ ಹೊತ್ತಿಗೆ ಗ್ಯಾಸು ಬಂದಿತ್ತು. ಶಾಲಿನಿ ಹಿತ್ತಿಲಲ್ಲಿ ನಾಲ್ಕು ಸ್ಪರ್ಧಿಗಳನ್ನು ಸಾಲಾಗಿ ನಿಲ್ಲಿಸಿದಳು. ಮೊದಲನೆಯದು ಗ್ಯಾಸು. ಎರಡನೆಯದು ಯೋಗಾನಂದ ಸಹೋದ್ಯೋಗಿಯೊಬ್ಬರ ಮನೆಯಿಂದ ಕಾಡಿ ತಂದಿದ್ದ ಕರೆಂಟಿನ ಇಂಡಕ್ಷನ್ ಒಲೆ; ಅದಕ್ಕೆ ನಡುಮನೆಯಿಂದ ಉದ್ದನೆಯ ವೈರು. ಮೂರನೆಯದು ಯಲ್ಲಮ್ಮನವರ ಕಡ್ಡಿ ಒಲೆ. ನಾಲ್ಕನೆಯದು ಪಕ್ಕದ ಮನೆಯ ಖತೀಜಾ ತಂದ ಹೊಟ್ಟಿನ ಒಲೆ. ಖತೀಜಾಳ ಗಂಡ ಅಸ್ಗರ್ ಗೊಂಬೆ ಕಡೆಯುವವನು. ಅವನ ಕಾರ್ಖಾನೆಯಲ್ಲಿ ರಾಶಿ ಬೀಳುವ ಮರದ ಹೊಟ್ಟನ್ನು ಅವಳು ಒಂದು ತಗಡಿನ ಡಬ್ಬಕ್ಕೆ ತುಂಬುತ್ತಿದ್ದಳು. ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿಯನ್ನು ಮೆಲ್ಲಗೆ ಎಳೆದು, ಆ ತೂತಿನ ಬುಡದಲ್ಲಿ ಬೆಂಕಿ ತೋರಿಸಿದರೆ ಆಯಿತು.

ನಾಲ್ಕಕ್ಕೂ ಒಂದೇ ಅಳತೆಯ ನೀರು. ಯಾವುದು ಬೇಗ ಕುದಿಯುತ್ತದೆ, ಯಾವುದಕ್ಕೆ ಎಷ್ಟು ಖರ್ಚು ಎಂಬುದೇ ಪರೀಕ್ಷೆ. ಯೋಗಾನಂದ ಗಡಿಯಾರ ನೋಡಿಕೊಂಡು, ಅಭ್ಯಾಸಬಲದಿಂದ, "ಯಾರೂ ಅಕ್ಕಪಕ್ಕ ನೋಡಬಾರದು. ಶುರು ಮಾಡಿ" ಅಂದ.

ಅಬ್ಬಾ, ಆ ಸಂಭ್ರಮ! ಕಾಂಪೌಂಡಿನಾಚೆ ಸಾಲುಸಾಲಾಗಿ ತಲೆಗಳು ಮೂಡಿದವು. ಗ್ಯಾಸು ಭುಸುಗುಟ್ಟಿತು. ಕಡ್ಡಿಗಳು ಚಟಪಟ ಸಿಡಿದವು. ಹೊಟ್ಟಿನ ಒಲೆ ಹೊತ್ತುವ ಮೊದಲೇ ಹೊಗೆ ಬಿಟ್ಟು ಮೇಲ್ವಿಚಾರಕರನ್ನು ಕೆಮ್ಮಿಸಿತು. ಇಂಡಕ್ಷನ್ ಮಾತ್ರ ಸದ್ದಿಲ್ಲ, ಉರಿಯಿಲ್ಲ, ಹೊಗೆಯಿಲ್ಲ. ಕೆಂಪು ಅಂಕಿ ತೋರಿಸುತ್ತ ಧ್ಯಾನಕ್ಕೆ ಕೂತಿತ್ತು.

"ಅದು ಉರೀತಾನೇ ಇಲ್ಲವಲ್ಲಮ್ಮಿ" ಎಂದು ಯಲ್ಲಮ್ಮ ನಗುವಷ್ಟರಲ್ಲಿ ಇಂಡಕ್ಷನ್ ಮೇಲಿನ ನೀರು ಗುಳುಗುಳು ಎದ್ದಿತು.

"ಕುದೀತು!" ಶಾಲಿನಿ ಕುಣಿದಳು. "ಕುದೀತು ರೀ! ಟೈಮು ಬರ್ಕೊಳ್ಳಿ!"

ಎರಡನೆಯದು ಗ್ಯಾಸು. ಯಲ್ಲಮ್ಮ ಬಿಡುತ್ತಾರೆಯೆ? "ನಂದು ಆಗ್ಲೇ ಕುದ್ದೈತೆ. ಹೊಗೆ ಮುಚ್ಕೊಂಡೈತೆ, ನಿಮ್ಗೆ ಕಾಣಕಿಲ್ಲ ಅಷ್ಟೆ" ಎಂದು ವಾದಕ್ಕೆ ನಿಂತರು. ಎಲ್ಲರಿಗಿಂತ ಕೊನೆಗೆ ಕುದಿದದ್ದು ಹೊಟ್ಟಿನ ಒಲೆಯ ನೀರು. ಖತೀಜಾ ಸೋತ ಮುಖವನ್ನೇನೂ ಮಾಡಲಿಲ್ಲ. "ನಂದು ಈಗ ಶುರು ಆಗಿದೆ ಶಾಲಿನಮ್ಮ. ಸಾಯಂಕಾಲದ ತನಕ ಉರೀತದೆ. ಯಾರಾದರೂ ಕಾಳು ಬೇಯಿಸ್ಕೊಳ್ಳೋದಿದ್ರೆ ತನ್ನಿ" ಎಂದು ಕರೆದಳು. ಕಾಂಪೌಂಡಿನಾಚೆಯ ಎರಡು ತಲೆಗಳು ಕಾಳು ತರಲು ಹೋದವು.

ಆಮೇಲೆ ಲೆಕ್ಕ. ಅಡುಗೆಮನೆಯ ಕಡಪ ಕಲ್ಲಿನ ಕಟ್ಟೆಯ ಮೇಲೆ ಗಂಡನ ಸೀಮೆಸುಣ್ಣದಿಂದ ಶಾಲಿನಿ ನಾಲ್ಕು ಕಾಲಂ ಎಳೆದಳು. ಗ್ಯಾಸಿಗೆ ಸಿಲಿಂಡರಿನ ಬೆಲೆ. ಹೊಟ್ಟಿಗೆ ಮೂಟೆಯ ಬೆಲೆ. ಅದು ಚಿಲ್ಲರೆ ಕಾಸು, ಆದರೆ ಬಾಟಲಿ ಎಳೆಯುವ ಕೈಚಳಕ ಖತೀಜಾಳದು, ಅದನ್ನು ಕೊಳ್ಳಲಾಗದು. ಸೌದೆಯ ಕಾಲಮ್ಮು ಬಂದಾಗ ಯಲ್ಲಮ್ಮ ಎದೆಯುಬ್ಬಿಸಿದರು.

"ನಂದಕ್ಕೆ ಸೊನ್ನೆ ಬರಿಯವ್ವ. ನಮ್ಮಣ್ಣ ಬಿಟ್ಟಿ ಕೊಡ್ತಾನೆ."

"ಗಾಡಿ ಬಾಡಿಗೆ ಅತ್ತೆ?"

"ಅದು ಬಾಡಿಗೆ. ಸೌದೆ ಅಲ್ಲ."

"ಮಾವ ಕಡ್ಡಿ ಹಾಕ್ಸೋಕೆ ಬಂದಾಗೆಲ್ಲ ಕೋಳಿ ಸಾರು ಮಾಡ್ಬೇಕು. ಅದು? ಪಾತ್ರೆ ಮಸಿ ತಿಕ್ಕೋ ಪುಡಿ? ಹೊಗೆಗೆ ನಿಮ್ಮ ಕಣ್ಣಿಗೆ ಬಿಡೋ ಡ್ರಾಪ್ಸು?"

"ನಮ್ಮಣ್ಣ ಉಂಡ ಕೋಳೀನೂ ಲೆಕ್ಕುಕ್ಕೆ ಬರ್ಕೊಂಡ್ಯೇನವ್ವ!" ಯಲ್ಲಮ್ಮ ಕಂಬಕ್ಕೆ ಒರಗಿದರು. "ಯೋಗಾ, ಕೇಳುದ್ಯೇನ್ಲಾ, ನಿಮ್ ಮಾವನ್ ಬಾಡೂಟಕ್ಕೂ ಬಿಲ್ಲು ಹಾಕ್ತಾವ್ಳೆ ನಿನ್ ಹೆಂಡ್ತಿ!"

ಯೋಗಾನಂದನಿಗೆ ಆ ಕ್ಷಣದಲ್ಲಿ ಗಡಿಯಾರದ ಪಟ್ಟಿ ಸಡಿಲವಾಗಿರುವುದು ಗಮನಕ್ಕೆ ಬಂತು. ಅದನ್ನೇ ಬಿಗಿಮಾಡುತ್ತ ನಿಂತ.

ಶಾಲಿನಿ ನಾಲ್ಕನೆಯ ಕಾಲಮ್ಮಿನ ಕೆಳಗೆ, ಕರೆಂಟು ಎಂದು ಬರೆದ ಕಡೆ, ಗೇಣುದ್ದದ ಒಂದು ಸೊನ್ನೆ ಬರೆದಳು. ಅದರ ಸುತ್ತ ಇನ್ನೊಂದು ಸೊನ್ನೆ ಬರೆದಳು.

"ಇನ್ನೂರು ಯೂನಿಟ್ಟಿನ ತನಕ ಮನೆ ಕರೆಂಟು ಫ್ರೀ. ನಮ್ಮ ಬಿಲ್ಲು ತಿಂಗಳು ತಿಂಗಳೂ ಸೊನ್ನೆ. ಇಷ್ಟು ದಿನ ಆ ಫ್ರೀ ಕರೆಂಟಲ್ಲಿ ನಾವು ಮಾಡ್ತಿರೋದೇನು? ನಾಲ್ಕು ದೀಪ ಹಚ್ಕೊಂಡು ಧಾರಾವಾಹಿ ನೋಡ್ತಿದೀವಿ! ಅಡುಗೆ, ಸ್ನಾನ, ಕಾಫಿ, ಎಲ್ಲಾನೂ ಕರೆಂಟಿಗೆ ಹಾಕಿದ್ರೆ ಮನೆ ಇಂಧನದ ಖರ್ಚೇ ಸೊನ್ನೆ. ಸೊನ್ನೆಗಿಂತ ಕಮ್ಮಿ ಯಾವುದಾದರೂ ಐತೇನ್ರೀ?"

"ಋಣ ಸಂಖ್ಯೆ ಅಂತ ಇರುತ್ತೆ" ಅಂದ ಯೋಗಾನಂದ.

"ನೀವು ಸಮಾಜ ಮೇಷ್ಟ್ರು. ಗಣಿತಕ್ಕೆ ಬರಬೇಡಿ."

ಯಲ್ಲಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸರಿ ಕಣವ್ವ. ತಿಂಗ್ಳ ಕೊನೆಗೆ ಬಿಲ್ಲು ಸೊನ್ನೆ ಬಂದ್ರೆ ನನ್ ಬಚ್ಚಲೊಲೇನ ನಾನೇ ಗುದ್ದಲಿ ತಕ್ಕಂಡು ಕಿತ್ತಾಕ್ತೀನಿ. ಬರ್ನಿಲ್ಲ ಅಂದ್ರೆ?"

"ಬರ್ಲಿಲ್ಲ ಅಂದ್ರೆ ದಿನಾ ಬೆಳಿಗ್ಗೆ ನಾನೇ ಎದ್ದು ನಿಮ್ಮ ಹಂಡೆಗೆ ಉರಿ ಹಾಕ್ತೀನಿ."

"ಖತೀಜಾ, ಕೇಳ್ಕೊಂಡ್ಯಾ? ನೀನೇ ಸಾಕ್ಷಿ" ಎಂದರು ಯಲ್ಲಮ್ಮ.

"ಕೇಳ್ಕೊಂಡೆ ಯಲ್ಲಮ್ಮಜ್ಜಿ" ಎಂದಳು ಖತೀಜಾ, ಹಿತ್ತಿಲಿಂದಲೇ, ಹುರುಳಿಕಾಳಿಗೆ ನೀರು ಹಾಕುತ್ತ. ಉತ್ಸಾಹದಲ್ಲಿ ಯೋಗಾನಂದನೂ ಬಾಯಿ ಬಿಟ್ಟ. ಗ್ಯಾಸಿನ ಬಾಬ್ತು ಉಳಿದರೆ ಅಷ್ಟೂ ಹಣ ತಿಂಗಳು ತಿಂಗಳು ಶಾಲಿನಿಗೇ ಎಂದ. ಆ ಮಾತು ಮುಗಿಯುವ ಮೊದಲೇ ಶಾಲಿನಿಯ ಮನಸ್ಸಿನಲ್ಲಿ ಆ ಹಣ ಒಂದು ರೇಷ್ಮೆ ಸೀರೆಯಾಗಿ, ಅಂಚು ಕಟ್ಟಿಸಿಕೊಂಡು, ರವಿಕೆಯನ್ನೂ ಹೊಲಿಸಿಕೊಂಡಿತ್ತು.

ಮರುದಿನವೇ ಮಹೇಂದ್ರ ಕನಕಪುರದಿಂದ ಸಾಮಾನು ಹೇರಿಕೊಂಡು ಬಂದ. ಇಂಡಕ್ಷನ್ ಒಲೆ, ಅನ್ನದ ಕುಕ್ಕರು, ಕಾಫಿಗೆ ಕೆಟಲು, ಬಚ್ಚಲಿಗೆ ಗೀಸರು. ಶಾಲಿನಿಯ ಚೀಟಿ ಹಣ ಅಲ್ಲಿಗೆ ಮುಗಿಯಿತು. ಯೋಗಾನಂದ ಸಂಕೋಚದಿಂದ, "ಇದನ್ನು ಯಾವ ಕಾಲಮ್ಮಿಗೆ ಬರೆಯೋದು?" ಎಂದು ಕೇಳಿದ.

"ಇದು ಖರ್ಚಲ್ಲ ರೀ, ಬಂಡವಾಳ. ಬಂಡವಾಳ ಬೇರೆ ಕಡೆ ಹೋಗುತ್ತೆ."

ಬಂಡವಾಳ ಬೇರೆ ಕಡೆ, ಅಂದರೆ ಮಹೇಂದ್ರನ ಜೇಬಿಗೆ, ಹೋಯಿತು. ಅವನು ಗೋಡೆ ತೂತು ಮಾಡಿ, ಎಲ್ಲವನ್ನೂ ಕೂರಿಸಿ, ಹೊರಡುವಾಗ ತಲೆ ಕೆರೆದುಕೊಂಡು, "ಅಕ್ಕ, ನಮ್ಮ ಹೊಸ ಮನೆಗೆ ಇನ್ನೂ ಗ್ಯಾಸ್ ಕನೆಕ್ಷನ್ ಬಂದಿಲ್ಲ. ನಿನಗೆ ಹೆಂಗೂ ಬೇಡವಲ್ಲ" ಅಂದ. ಶಾಲಿನಿ ಸಿಲಿಂಡರನ್ನೂ ಒಲೆಯನ್ನೂ ರಾಜ ಉಂಬಳಿ ಕೊಡುವಂತೆ ಕೊಟ್ಟು ಕಳಿಸಿದಳು. ಗೇಟಿನ ತನಕ ಹೋಗಿ ಅದಕ್ಕೆ ಟಾಟಾ ಮಾಡಿದಳು.

ಮೊದಲ ದಿನದ ಕಾಫಿ ಕಣ್ಣು ಮಿಟುಕಿಸುವುದರಲ್ಲಿ ಆಯಿತು. ಅನ್ನ ತಾನೇ ಬೆಂದು ತಾನೇ ಗಂಟೆ ಬಾರಿಸಿತು. ಕಷ್ಟ ಬಂದದ್ದು ಮುದ್ದೆಗೆ.

ಮುದ್ದೆ ತಿರುವುವುದೆಂದರೆ ಕೋಲಿಗೂ ಹಿಟ್ಟಿಗೂ ನಡೆಯುವ ಮಲ್ಲಯುದ್ಧ. ಸೌದೆ ಒಲೆಯಲ್ಲಿ ಮೂರು ಕಲ್ಲು ಪಾತ್ರೆಯನ್ನು ಕಚ್ಚಿಕೊಂಡಿರುತ್ತವೆ. ಗ್ಯಾಸಿನಲ್ಲಾದರೆ ಕಬ್ಬಿಣದ ಕೈಗಳಿರುತ್ತವೆ. ಇಂಡಕ್ಷನ್ನಿನ ಮೈ ಕನ್ನಡಿಯಂತೆ ನುಣುಪು. ಶಾಲಿನಿ ಕೋಲನ್ನು ಬಲಕ್ಕೆ ತಿರುವಿದರೆ ಪಾತ್ರೆಯೂ ಬಲಕ್ಕೆ ತಿರುಗಿತು. ಎಡಕ್ಕೆ ತಿರುವಿದರೆ ಅದೂ ಎಡಕ್ಕೆ ಬಂತು. ಹಿಟ್ಟು ಮಾತ್ರ ಎಲ್ಲಿತ್ತೋ ಅಲ್ಲೇ ಗಂಟುಗಂಟಾಗಿ ನಗುತ್ತಿತ್ತು.

"ರೀ, ಬನ್ನಿ ಇಲ್ಲಿ! ಪಾತ್ರೆ ಹಿಡ್ಕೊಳ್ಳಿ!"

ಯೋಗಾನಂದ ಸ್ಕೂಲಿಗೆ ಹೊರಟವನು, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಿಸಿ, ಎರಡು ಬಟ್ಟೆ ಹಿಡಿದು ಪಾತ್ರೆಯನ್ನು ಅಪ್ಪಿಕೊಂಡ. ಶಾಲಿನಿ ತಿರುವಿದಳು. ಈಗ ಪಾತ್ರೆ, ಒಲೆ, ಯೋಗಾನಂದ ಮೂವರೂ ಒಟ್ಟಿಗೆ ಬಲಕ್ಕೆ ತಿರುಗಿದರು. ಪಾತ್ರೆ ಒಂದು ಬೆರಳು ಮೇಲೆದ್ದರೆ ಸಾಕು, ಒಲೆ 'ಕೀಂ' ಎಂದು ಕೂಗಿ ತಾನೇ ಆರಿಹೋಗುತ್ತಿತ್ತು. ಕೆಳಗಿಟ್ಟರೆ ಮತ್ತೆ ಗುಂಡಿ ಒತ್ತಬೇಕು. ಹೀಗೆ ತಿರುವು, ಕೀಂ, ಗುಂಡಿ, ತಿರುವು, ಕೀಂ, ಗುಂಡಿ ಎಂದು ಗಂಡಹೆಂಡಿರು ಕಟ್ಟೆಯ ಈ ತುದಿಯಿಂದ ಆ ತುದಿಯವರೆಗೆ ಹೋಗಿಬಂದರು. ಮದುವೆಯ ದಿನ ಸಪ್ತಪದಿಯಲ್ಲೂ ಅವರು ಅಷ್ಟು ಹತ್ತಿರದಿಂದ ಹೆಜ್ಜೆ ಹಾಕಿರಲಿಲ್ಲ.

ಆವತ್ತಿನ ಮುದ್ದೆಯನ್ನು ಯಲ್ಲಮ್ಮ ಬೆರಳಿಂದ ಒತ್ತಿ ನೋಡಿ, "ಇದ ಅಸ್ಗರ್‌ಗೆ ಕೊಡು. ಅರಗು ಬಳಿದು ಬುಗುರಿ ಮಾಡ್ಕೊಳ್ಲಿ" ಅಂದರು.

ಗೀಸರಿನ ಕಡೆಗಂತೂ ಅವರು ತಿರುಗಿಯೂ ನೋಡಲಿಲ್ಲ. ಕರೆಂಟಿನ ನೀರು ಮೈಗೆ ಹಿಡಿಯುವುದಿಲ್ಲ, ಅದರಲ್ಲಿ ಸತ್ವವಿಲ್ಲ ಎಂದು ಹಂಡೆಯ ನೀರನ್ನೇ ಹೊತ್ತುಕೊಂಡು ಹೋದರು. ಹೀಗೇ ನಡೆಯುತ್ತಿತ್ತೇನೋ. ಆದರೆ ಒಂದು ಮುಂಜಾನೆ ಜಡಿಮಳೆ ಹಿಡಿದು ಕಡ್ಡಿಯೆಲ್ಲ ನೆನೆದು ಕೂತಿತು. ಊದಿ ಊದಿ ಸೋತ ಯಲ್ಲಮ್ಮ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೀಸರಿನ ಬಚ್ಚಲಿಗೆ ನುಗ್ಗಿ ಅಗುಳಿ ಹಾಕಿಕೊಂಡರು. ಯೋಗಾನಂದ ತಿಂಡಿ ತಿಂದ, ಪೇಪರು ಓದಿದ, ಸ್ಕೂಲಿಗೆ ಹೊರಟ, ಅವ್ವ ಹೊರಬರಲಿಲ್ಲ. ಕೊನೆಗೆ ಹಬೆಯ ಮೋಡದ ನಡುವಿನಿಂದ, ಕೆಂಪಗೆ ಹೊಳೆಯುತ್ತ ಇಳಿದು ಬಂದರು.

"ಹೆಂಗಿತ್ತು ಅತ್ತೆ?"

"ಪರ್ವಾಗಿಲ್ಲ" ಅಂದರು ಯಲ್ಲಮ್ಮ, ಬಿಗಿಯಾಗಿ. "ಒಸಿ ಸಪ್ಪೆ."

ಆಮೇಲೆ ದಿನವೂ ಆ ಸಪ್ಪೆ ನೀರನ್ನೇ ಉಯ್ದುಕೊಂಡರು. ಸಂಜೆ ಕಾಲು ತೊಳೆಯುವುದಕ್ಕೂ ಗೀಸರು, ಎಲೆಅಡಿಕೆ ಹಾಕಿದ ಮೇಲೆ ಬಾಯಿ ಮುಕ್ಕಳಿಸುವುದಕ್ಕೂ ಗೀಸರು. ಹಂಡೆಯ ಮೇಲೆ ಬೆಕ್ಕು ಮಲಗಲು ಶುರುಮಾಡಿತು. ಶಾಲಿನಿ ಅದನ್ನು ನೋಡಿ ಗೆಲುವಿನ ನಗೆ ನಕ್ಕಳು.

ನಗೆ ಬಹಳ ದಿನ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ಖತೀಜಾ ಸಾಕ್ಷಿಯ ಜವಾಬ್ದಾರಿ ನೆನಪಾಗಿ, "ಇಲ್ಲೀ ತನಕ ಎಷ್ಟು ಓಡಿದೆ ಶಾಲಿನಮ್ಮ?" ಎಂದು ಕೇಳಿದಳು. ಇಬ್ಬರೂ ಹೊರಗೋಡೆಯ ಮೀಟರಿನ ಮುಂದೆ ನಿಂತರು. ಹೋದ ತಿಂಗಳ ಅಂಕಿಯನ್ನು ಕಳೆದು ನೋಡಿದರೆ ಶಾಲಿನಿಗೆ ಕಾಲಡಿಯ ಸಿಮೆಂಟು ನಡುಗಿದಂತಾಯಿತು. ನೂರ ಎಪ್ಪತ್ತಾರು! ತಿಂಗಳು ಮುಗಿಯಲು ಇನ್ನೂ ಒಂದು ವಾರದ ಮೇಲಿತ್ತು.

"ಇನ್ನೂರು ದಾಟಿದರೆ ದಾಟಿದ್ದಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ಲು ಕಟ್ಟಬೇಕು" ಎಂದು ಸಂಜೆ ಯೋಗಾನಂದ ನೆನಪಿಸಿದ. "ಒಂದೇ ಒಂದು ಯೂನಿಟ್ಟು ದಾಟಿದರೂ ಅಷ್ಟೇ."

ಶಾಲಿನಿ ಆ ಸಂಜೆಯೇ ಮನೆಯಲ್ಲಿ ತುರ್ತುಪರಿಸ್ಥಿತಿ ಘೋಷಿಸಿದಳು. ಫ್ರಿಜ್ಜು ಬಂದ್. ಟಿವಿ ಬಂದ್ (ಯಲ್ಲಮ್ಮ ಧಾರಾವಾಹಿಗೆ ಖತೀಜಾಳ ಮನೆಗೆ ವಲಸೆ ಹೋದರು). ಮಿಕ್ಸಿ ಬಂದ್; ಚಟ್ನಿ ಒರಳಿಗೆ ಬಂತು. ಇಸ್ತ್ರಿ ಪೆಟ್ಟಿಗೆ ಬಂದ್. ಯೋಗಾನಂದ ಪ್ಯಾಂಟನ್ನು ಹಾಸಿಗೆಯ ಕೆಳಗಿಟ್ಟು ಮಲಗಿ, ಬೆಳಿಗ್ಗೆ ಅದರಲ್ಲಿ ಮೂಡಿದ ವಿಚಿತ್ರ ಗೆರೆಗಳೊಂದಿಗೆ ಶಾಲೆಗೆ ಹೋದ. ಮನೆಯ ಫೋನುಗಳೂ ಅವನ ಜೊತೆಗೇ ಶಾಲೆಗೆ ಹೋಗಿ ಚಾರ್ಜು ಮಾಡಿಸಿಕೊಂಡು ಬಂದವು. ಹೆಡ್‌ಮಾಸ್ಟರು ಸ್ಟಾಫ್ ರೂಮಿನ ಪ್ಲಗ್ಗು ನೋಡಿ, "ಏನ್ ಮೇಷ್ಟ್ರೇ, ಸಂಸಾರ ಸಮೇತ ಬಂದಂಗಿದೆ" ಎಂದರಂತೆ.

ಅಡುಗೆಗೇನು ಮಾಡುವುದು? ಶಾಲಿನಿ ತಮ್ಮನಿಗೆ ಫೋನು ಮಾಡಿದಳು.

"ಮಹೇಂದ್ರ, ಆ ಸಿಲಿಂಡರು ಒಂದ್ಸಲ ವಾಪಸ್ ತಂದ್ಕೊಡೋ."

"ಅಯ್ಯೋ ಅಕ್ಕ, ಅದ್ರಲ್ಲೇ ನಮ್ಮ ಅತ್ತೆಮನೆಯೋರಿಗೆ ಬಾಡೂಟ ಬೇಯ್ತಾ ಐತೆ. ಒಲೆ ಮೇಲಿಂದ ಇಳಿಸಕ್ಕಾಯ್ತದಾ?"

ಬೇರೆ ದಾರಿಯಿರಲಿಲ್ಲ. ಶಾಲಿನಿ ಎಸರಿನ ಪಾತ್ರೆ ಹಿಡಿದು ಹಿತ್ತಿಲಿಗೆ ಹೋದಳು. ಯಲ್ಲಮ್ಮ ಒಲೆಕಲ್ಲಿನ ಮೇಲೆ ಪಟ್ಟಕ್ಕೆ ಕೂತವರಂತೆ ಕೂತಿದ್ದರು.

"ಅತ್ತೆ, ಒಂದ್ವಾರ ನಿಮ್ಮ ಒಲೇಲಿ ಅಡುಗೆ ಮಾಡ್ಕೊಳ್ಳಾ?"

"ಮಾಡ್ಕೊ ಕಣವ್ವ. ನಾನೇನ್ ಬ್ಯಾಡ ಅಂದ್ನಾ? ಆದ್ರೆ ನನ್ ಗೀಸರ್ ತಂಟೆಗ್ ಬರ್ಬ್ಯಾಡ."

ಶಾಲಿನಿಗೆ ತಾನು ಕೇಳಿಸಿಕೊಂಡದ್ದು ಸರಿಯೇ ಎಂದು ಅನುಮಾನವಾಯಿತು. "ಅತ್ತೆ, ಯೂನಿಟ್ಟು ತಿನ್ನೋದೇ ಅದು! ನಿಮಗೆ ಹಂಡೆ ಐತಲ್ಲ!"

"ಒಲೆ ನಿಂಗ್ ಬುಟ್ಕೊಟ್ಟೆ. ಇರೋ ಕಡ್ಡೀಲಿ ನೀನ್ ಅಡುಗೆ ಮಾಡ್ಬ್ಯಾಡ್ವಾ? ಇನ್ನ ನಾನು ತಣ್ಣೀರಲ್ಲಿ ಉಯ್ಕಳ್ಳನಾ, ಈ ವಯಸ್ನಲ್ಲಿ?"

ಸಂಧಾನವಾಯಿತು. ದಿನಕ್ಕೊಂದು ಸಲ ಗೀಸರು, ಅದೂ ಸ್ವಲ್ಪ ಹೊತ್ತು. ಶಾಲಿನಿ ಸ್ವಿಚ್ಚಿನ ಪಕ್ಕ ಕಾವಲು ನಿಲ್ಲುತ್ತಿದ್ದಳು, ಒಳಗಿನಿಂದ, "ಇನ್ನೂ ಬೆಚ್ಚಗಾಗ್ನಿಲ್ಲ ಕಣಮ್ಮಿ! ಆರಿಸ್ಬುಟ್ಟೀಯ!" ಎಂಬ ಎಚ್ಚರಿಕೆ ಬರುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಜನ ದೇವರ ಮುಖ ನೋಡಿದರೆ ಅವಳು ಮೀಟರಿನ ಮುಖ ನೋಡುತ್ತಿದ್ದಳು. ನೂರ ಎಂಬತ್ತೊಂಬತ್ತು. ನೂರ ತೊಂಬತ್ತೆರಡು. ಬೀದಿಗೆಲ್ಲ ಸುದ್ದಿ ಹರಡಿತು. ಹಾಲಿನವನು ಹಾಲು ಅಳೆಯುವ ಮೊದಲು, "ಎಷ್ಟಾಯ್ತಕ್ಕ?" ಎನ್ನುತ್ತಿದ್ದ. ಸೊಪ್ಪಿನವಳು ಬುಟ್ಟಿ ಇಳಿಸಿ ಮೀಟರಿನ ಹತ್ತಿರ ಹೋಗಿ ಇಣುಕಿ, "ತಡೀರಿ, ತಡೀರಿ, ಗೆಲ್ತೀರಿ" ಎಂದು ಧೈರ್ಯ ಹೇಳುತ್ತಿದ್ದಳು.

ಬಿಲ್ಲಿನವನು ಬರಬೇಕಾದ ದಿನ ಮೀಟರು ನೂರ ತೊಂಬತ್ತೇಳಕ್ಕೆ ನಿಂತಿತ್ತು. ಅವನು ಬರಲಿಲ್ಲ. ಯಾವುದೋ ರಜೆ. ಶಾಲಿನಿ ಮನೆಯೊಳಗೆ ಹುಲಿಯಂತೆ ಅಡ್ಡಾಡಿದಳು. ಕತ್ತಲಾದ ಮೇಲೆ ಎಣ್ಣೆದೀಪದಲ್ಲಿ ಊಟವಾಯಿತು. ಯೋಗಾನಂದ ಸಾರೆಂದುಕೊಂಡು ಮಜ್ಜಿಗೆಗೆ ಮುದ್ದೆ ಅದ್ದಿಕೊಂಡು ತಿಂದ.

ಮರುದಿನ ಬೆಳಿಗ್ಗೆ ನೂರ ತೊಂಬತ್ತೆಂಟೂ ಮುಕ್ಕಾಲು. ಹೊತ್ತು ಏರಿದಾಗ ಸೊಪ್ಪಿನವಳು ಬೀದಿಯ ತುದಿಯಿಂದಲೇ ಕೂಗಿದಳು. "ಬಂದ! ಬಂದ! ಮೂಲೆ ಮನೇಲವ್ನೆ!"

ಆಗಿನಿಂದ ಬೀದಿಯಲ್ಲೇ ನಿಂತು ದಾರಿ ಕಾಯುತ್ತಿದ್ದ ಶಾಲಿನಿ ಮೀಟರಿನತ್ತ ಓಡಿದಳು. ಮೀಟರಿನ ಕೆಂಪು ದೀಪ ಎಂದೂ ಇಲ್ಲದ ಆವೇಶದಿಂದ ಮಿಣಿಮಿಣಿ ಮಿನುಗುತ್ತಿತ್ತು. ಮನೆಯಲ್ಲಿ ಅವಳು ಒಂದು ಬಲ್ಬನ್ನೂ ಹಾಕಿಲ್ಲ, ಹಾಗಾದರೆ ಇದೇನು? ಬಚ್ಚಲ ಕಡೆಯಿಂದ ತಂಬಿಗೆಯ ಸದ್ದು, ಜೊತೆಗೆ ಯಲ್ಲಮ್ಮನವರ ಹಿತವಾದ ಗುನುಗು ಕೇಳಿಸಿತು. ಅವರು ಸೊಸೆ ಬೀದಿಗೆ ಹೋದದ್ದನ್ನು ನೋಡಿ, ಗೀಸರನ್ನೂ ಬಚ್ಚಲ ದೀಪವನ್ನೂ ಹಾಕಿಕೊಂಡು ಎರಡನೆಯ ಸ್ನಾನಕ್ಕೆ ಇಳಿದಿದ್ದರು.

ಶಾಲಿನಿ ಯೋಚಿಸಲಿಲ್ಲ. ಜಿಗಿದು ಮೈನ್ ಸ್ವಿಚ್ಚನ್ನೇ ಕೆಳಗೆಳೆದಳು.

"ಯಾವಳೇ ಅದು, ಕತ್ಲೆ ಮಾಡ್ದೋಳು!" ಬಚ್ಚಲಿಂದ ಸಿಡಿಲು ಹೊಡೆಯಿತು. "ಕಣ್ಣೊಳಿಕ್ಕೆ ಸೋಪು ಹೋಗೈತೆ! ತಂಬಿಗೆ ಎಲ್ಲೈತೋ ಕಾಣ್ತಿಲ್ವಲ್ಲೋ ಯೋಗಾ!"

"ಅಲುಗಾಡದೇ ಇರವ್ವ!" ಯೋಗಾನಂದ ಬಾಗಿಲಾಚೆಯಿಂದ ಕೂಗಿದ. "ಇನ್ನೊಂದೇ ಮನೆ ಬಾಕಿ!"

ಬಿಲ್ಲಿನವನು ಗೇಟು ತೆಗೆದು ಬಂದಾಗ ಅರ್ಧ ಬೀದಿ ಅವನ ಹಿಂದೆ ಇತ್ತು. ಅವನು ಗಾಬರಿಯಿಂದ ಸುತ್ತ ನೋಡಿ, ಮೀಟರಿಗೆ ಕೈಯಲ್ಲಿದ್ದ ಯಂತ್ರ ಹಿಡಿದು, ಅಂಕಿ ಒತ್ತಿದ.

"ನೂರ ತೊಂಬತ್ತೊಂಬತ್ತು" ಅಂದ.

ಓಹೋ ಎಂದು ಕೂಗೆದ್ದಿತು. ಖತೀಜಾ ಬಂದು ಶಾಲಿನಿಯನ್ನು ತಬ್ಬಿಕೊಂಡಳು. ಸೊಪ್ಪಿನವಳು ಕೊತ್ತಂಬರಿಯ ಒಂದು ಕಟ್ಟನ್ನು ಸುಮ್ಮನೆ ಕೊಟ್ಟಳು. ಶಾಲಿನಿಯ ಕಣ್ಣಲ್ಲಿ ನೀರು. ಯಂತ್ರ ಕಿರ್ ಎಂದು ಉದ್ದನೆಯ ಬಿಲ್ಲನ್ನು ಉಗುಳಿತು. ಬಿಲ್ಲಿನವನು ಅದನ್ನು ಹರಿದು ಕೊಟ್ಟು, ಈ ಮನೆಯವರ ತಂಟೆ ಬೇಡವೆಂಬಂತೆ ಸರಸರನೆ ಹೊರಟುಹೋದ.

ಶಾಲಿನಿ ಅದನ್ನು ನೋಡಲೂ ಇಲ್ಲ. ಗಂಡನ ಕೈಗಿಟ್ಟು, "ಓದಿ ರೀ! ಎಲ್ಲರಿಗೂ ಕೇಳೋ ಹಂಗೆ ಓದಿ!" ಅಂದಳು.

ಅಷ್ಟರಲ್ಲಿ ಯಲ್ಲಮ್ಮ ಸೀರೆ ಸುತ್ತಿಕೊಂಡು, ಕಿವಿಯ ಹತ್ತಿರ ಇನ್ನೂ ನೊರೆ ಇಟ್ಟುಕೊಂಡು, ಬಾಗಿಲಿಗೆ ಬಂದಿದ್ದರು. ಯೋಗಾನಂದ ಕನ್ನಡಕ ಸರಿಮಾಡಿಕೊಂಡು, ಗಂಟಲು ಸರಿಮಾಡಿಕೊಂಡು, ಪಾಠದ ದನಿಯಲ್ಲಿ ಶುರುಮಾಡಿದ. "ಬಳಸಿದ ಯೂನಿಟ್ಟು, ನೂರ ತೊಂಬತ್ತೊಂಬತ್ತು. ಪಾವತಿಸಬೇಕಾದ ಮೊತ್ತ..." ಅಲ್ಲಿ ಅವನ ದನಿ ಇಳಿಯಿತು. "ಎಂಟುನೂರ ತೊಂಬತ್ತೆರಡು."

"ಸರಿಯಾಗಿ ಓದ್ರೀ! ಅದು ಮೀಟರ್ ನಂಬರ್ ಇರಬೇಕು."

"ರೂಪಾಯಿ ಅಂತ ಐತೆ ಶಾಲಿನಿ."

ಅವನು ಮೇಲಿನಿಂದ ಕೆಳಗಿನವರೆಗೆ ಮತ್ತೊಮ್ಮೆ ಓದಿದ. ಈ ಮನೆಯಲ್ಲಿ ಬಿಲ್ಲನ್ನು ಪೂರ್ತಿ ಓದಿದ್ದು ಅದೇ ಮೊದಲು; ಸೊನ್ನೆ ಕಂಡ ಮೇಲೆ ಮಿಕ್ಕಿದ್ದನ್ನು ಓದುವವರು ಯಾರು? ಆಮೇಲೆ ಅವನು, ಪರೀಕ್ಷೆಯಲ್ಲಿ ಫೇಲಾದ ಹುಡುಗನಿಗೆ ಹೇಳುವಷ್ಟು ಮೃದುವಾಗಿ ಹೇಳಿದ. ಇನ್ನೂರೆಂಬುದು ಮೇಲಿನ ಮಿತಿ ಅಷ್ಟೆ. ಅದರೊಳಗೆ ಒಂದೊಂದು ಮನೆಗೆ ಒಂದೊಂದು ಲೆಕ್ಕ. ಯೋಜನೆ ಬರುವ ಮೊದಲಿನ ವರ್ಷದಲ್ಲಿ ಆ ಮನೆಯವರು ತಿಂಗಳಿಗೆ ಸರಾಸರಿ ಎಷ್ಟು ಸುಟ್ಟಿದ್ದರೋ ಅಷ್ಟು, ಅದರ ಮೇಲೆ ಹತ್ತಕ್ಕೆ ಒಂದು ಪಾಲು ಹೆಚ್ಚು. ಅದು ಮಾತ್ರ ಫ್ರೀ. ಮಿಕ್ಕಿದ್ದಕ್ಕೆ ದುಡ್ಡು.

"ನಮ್ದು ಎಷ್ಟು?" ಶಾಲಿನಿಯ ದನಿ ಎಲ್ಲಿಂದಲೋ ಬಂತು.

"ಅರವತ್ತೈದು."

"ಅರವತ್ತೈದಾ! ಎದುರುಮನೆಯೋರಿಗೆ ನೂರ ಎಂಬತ್ತು ಸುಟ್ಟರೂ ಸೊನ್ನೆ ಬರುತ್ತಲ್ಲ!"

"ಅವರು ಆ ವರ್ಷವೂ ಅಷ್ಟೇ ಸುಟ್ಟಿದ್ದರು. ಎರಡು ಗೀಸರು, ಒಂದು ಏಸಿ. ನಾವು..." ಯೋಗಾನಂದ ತಾಯಿಯ ಕಡೆ ನೋಡಿದ.

ಎಲ್ಲರಿಗೂ ನೆನಪಾಯಿತು. ಆ ವರ್ಷ ಮನೆಯ ಸ್ವಿಚ್ಚುಗಳೆಲ್ಲ ಯಲ್ಲಮ್ಮನವರ ಆಡಳಿತದಲ್ಲಿದ್ದವು. ಯಾರಾದರೂ ಕೋಣೆಯಿಂದ ಎದ್ದರೆ ಅವರು ಬಾಗಿಲು ದಾಟುವ ಮೊದಲೇ ದೀಪ ಆರುತ್ತಿತ್ತು. ಫ್ಯಾನು ಬೇಸಿಗೆಗೆ ಮಾತ್ರ, ಅದೂ ನೆಂಟರಿದ್ದರೆ. ಅಷ್ಟು ಬಿಗಿಯಾಗಿ ಉಳಿಸಿದ್ದಕ್ಕೆ ಸಿಕ್ಕ ಬಹುಮಾನ ಈ ಅರವತ್ತೈದು.

ಯಲ್ಲಮ್ಮ ನಿಧಾನವಾಗಿ ಮೆಟ್ಟಿಲ ಮೇಲೆ ಕೂತರು. ಪಂದ್ಯ ಗೆದ್ದದ್ದು ಅವರಿಗೆ ಹೊಳೆದಂತೆಯೇ ಕಾಣಲಿಲ್ಲ.

"ಅಂಗಾರೆ" ಅಂದರು, "ಆವತ್ತು ನಾನು ಹಗ್ಲೂ ಇಳ್ಳೂ ಲೈಟು ಉರ್ಸಿದ್ರೆ ಇವತ್ತು ಎಲ್ಲಾ ಬಿಟ್ಟೀನಾ?"

"ಹಂಗೇ ಲೆಕ್ಕ ಅವ್ವ."

"ಇನ್ನೊಂದ್ ಸತಿ ಲೆಕ್ಕ ತಕ್ಕಂಡ್ರೆ?"

"ತಗೊಂಡ್ರೆ... ಹೌದು, ಆಗ ಹೊಸ ಸರಾಸರಿ ಬರಬಹುದು" ಎಂದು ಯೋಗಾನಂದ ಯೋಚಿಸದೆ ಅಂದುಬಿಟ್ಟ. ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವ ಸೌಲಭ್ಯ ಸಂಸತ್ತಿನಲ್ಲಿದೆ, ಆ ಮನೆಯಲ್ಲಿಲ್ಲ.

ಮಾತು ಕೊಟ್ಟಮೇಲೆ ಮುಗಿಯಿತು. ಮರುದಿನ ಬೆಳಗಾಗುವ ಮೊದಲೇ ಶಾಲಿನಿ ಹಿತ್ತಿಲಲ್ಲಿದ್ದಳು. ಹಂಡೆಯ ಮೇಲಿದ್ದ ಬೆಕ್ಕನ್ನು ಎಬ್ಬಿಸಿದಳು. ಕಡ್ಡಿ ಮುರಿದಳು, ಊದಿದಳು, ಕೆಮ್ಮಿದಳು. ರೇಷ್ಮೆ ಸೀರೆ, ಅಂಚು, ರವಿಕೆ ಎಲ್ಲ ಹೊಗೆಯ ಜೊತೆ ಸುರುಳಿ ಸುತ್ತಿಕೊಂಡು ಅಸ್ಗರನ ಕಾರ್ಖಾನೆಯ ಹೆಂಚಿನ ಮೇಲೆ ಹಾದುಹೋದವು. ಕೊನೆಗೆ ಹಂಡೆ ಹಬೆಯಾಡಿತು. ಅವಳು ಮಸಿ ಕೈಯಲ್ಲೇ ಕಣ್ಣೊರೆಸಿಕೊಂಡು (ಒರೆಸಿದಷ್ಟೂ ಕಪ್ಪಾಯಿತು) ಒಳಗೆ ಬಂದು ಕೂಗಿದಳು.

"ಅತ್ತೆ, ನೀರು ಕಾದಿದೆ! ಬನ್ನಿ!"

ನಡುಮನೆಗೆ ಬಂದರೆ ಅಲ್ಲಿ ಮದುವೆ ಮನೆಯ ಬೆಳಕು. ಟ್ಯೂಬ್‌ಲೈಟು, ಬಲ್ಬು, ದೇವರ ಮುಂದಿನ ಬಣ್ಣದ ಸರ, ಎಲ್ಲ ಉರಿಯುತ್ತಿದ್ದವು. ಖಾಲಿ ಕುರ್ಚಿಗಳ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು. ಟಿವಿಯಲ್ಲಿ ಯಾರೋ ಯಾರಿಗೂ ಅಲ್ಲದ ಭವಿಷ್ಯ ಹೇಳುತ್ತಿದ್ದರು. ಬಚ್ಚಲ ಬಾಗಿಲು ಮುಚ್ಚಿತ್ತು, ಅದರ ಕೆಳಗಿಂದ ಹಬೆ ತೆವಳುತ್ತಿತ್ತು.

"ಅತ್ತೆ! ಪಂದ್ಯ ನೀವು ಗೆದ್ದಿದ್ದೀರಿ! ನಿಮ್ಮ ಹಂಡೆ ನೀರು ಕಾದಿದೆ, ಗೀಸರು ಆರಿಸಿ!"

"ನೀನೇ ಉಯ್ಕೊ ಕಣಮ್ಮಿ, ಮೈಯೆಲ್ಲ ಮಸಿಯಾಗಿರ್ತೈತೆ" ಎಂದು ಒಳಗಿನಿಂದ ತುಂಬಾ ಹಿತವಾದ ದನಿ ಬಂತು. "ನಾನು ಸರಾಸರಿ ಬೆಳೆಸ್ತಾವ್ನಿ."